ಹೈದರಾಬಾದ್ ಕರ್ನಾಟಕದಲ್ಲಿ ಕಾಲೇಜು ಶಿಕ್ಷಣದ ವಿಸ್ತಾರ: ಹುಮನಾಬಾದ್–ಬಸವಕಲ್ಯಾಣ ಪ್ರದೇಶದಿಂದ ಒಂದು ನೋಟ

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯ ಹೆಸರು ವಿದ್ಯಾಭ್ಯಾಸದ ಇತಿಹಾಸವನ್ನು ಕುರಿತ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವಂಥದಲ್ಲ. ಆದರೂ ಆ ಇತಿಹಾಸವನ್ನು ಅಳೆಯಲು ಇಂಥ ಊರೇ ತಕ್ಕ ನೆಲೆಯೆಂದು ನಾವು ಭಾವಿಸುತ್ತೇವೆ. ರಾಜಧಾನಿಯಲ್ಲಿ ನಿಂತು ನೋಡುವವರಿಗೆ ಕಾಲೇಜೆಂದರೆ ಕಟ್ಟಡ, ಗ್ರಂಥಭಂಡಾರ, ಪದವಿ. ಹಳ್ಳಿಯಲ್ಲಿ ನಿಂತು ನೋಡುವವರಿಗೆ ಅದು ಮೊದಲು ದಾರಿಯ ಮತ್ತು ಭಾಷೆಯ ಪ್ರಶ್ನೆ. ಎಷ್ಟು ದೂರ ಹೋಗಬೇಕು, ಅಲ್ಲಿ ಯಾವ ಭಾಷೆಯಲ್ಲಿ ಪಾಠ ನಡೆಯುತ್ತದೆ ಎಂಬೆರಡು ವಿಷಯಗಳ ಮೇಲೆ ವಿದ್ಯಾರ್ಥಿಯ ಮುಂದಿನ ಓದು ನಿಂತಿರುತ್ತದೆ. ಈ ಎರಡು ಪ್ರಶ್ನೆಗಳಿಗೆ ಹಲವು ಊರುಗಳಲ್ಲಿ ಅಂಗಳವನ್ನು ಹೊಂದಿದ ಒಂದು ವಿದ್ಯಾಸಂಸ್ಥೆ ಎಷ್ಟರಮಟ್ಟಿಗೆ ಉತ್ತರವಾಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ಪ್ರಾಂತಕ್ಕೆ ಮೇಲ್ಮಟ್ಟದ ವಿದ್ಯೆ ಹೊಸತಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಘಟಿಕಾಸ್ಥಾನವಿದ್ದುದನ್ನು 1058ರ ಶಾಸನವು ತಿಳಿಸುತ್ತದೆ. ಗ್ರಂಥಗಳ ಮೇಲ್ವಿಚಾರಣೆಗೆ ಸರಸ್ವತೀ ಭಂಡಾರಿಗರನ್ನು ನೇಮಿಸಿದ್ದುದೂ ಅದರಿಂದಲೇ ತಿಳಿದುಬರುತ್ತದೆ. ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದ್ದು ಕಲ್ಯಾಣದಲ್ಲಿ. ಬಹಮನಿ ಮಂತ್ರಿ ಮಹಮೂದ್ ಗವಾನನು ಬೀದರಿನಲ್ಲಿ ಕಟ್ಟಿಸಿದ ಮದರಸಾ 1472ರ ಸುಮಾರಿನದು. ಈ ವಿದ್ಯಾಕೇಂದ್ರಗಳ ಕೀರ್ತಿ ದೊಡ್ಡದು. ಆದರೆ ಪ್ರತಿಯೊಂದೂ ಒಂದೇ ಸ್ಥಳದಲ್ಲಿ, ಅರಸನ ಇಲ್ಲವೆ ಅಧಿಕಾರಿಯ ಆಶ್ರಯದಲ್ಲಿ ನಿಂತಿತ್ತು. ಗವಾನನು 1481ರಲ್ಲಿ ಮರಣದಂಡನೆಗೆ ಗುರಿಯಾದನು. 17ನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ಮದರಸಾದ ಒಂದು ಭಾಗವೇ ಹಾರಿಹೋಯಿತು. ಆಶ್ರಯ ತಪ್ಪಿದೊಡನೆ ಪಾಠವೂ ತಪ್ಪುವುದು ಇಂಥ ವ್ಯವಸ್ಥೆಯ ಸಹಜ ದೌರ್ಬಲ್ಯ.

ನಿಜಾಮರ ಆಳ್ವಿಕೆಯಲ್ಲಿ ಹೊಸ ಬಗೆಯ ಉನ್ನತ ಶಿಕ್ಷಣದ ಕೇಂದ್ರ ಹೈದರಾಬಾದ್ ನಗರವಾಯಿತು. 1918ರಲ್ಲಿ ಆರಂಭವಾದ ಉಸ್ಮಾನಿಯ ವಿಶ್ವವಿದ್ಯಾನಿಲಯವು ಇಂಗ್ಲಿಷನ್ನು ಬಿಟ್ಟು ಉರ್ದುವಿನಲ್ಲಿ ಬೋಧಿಸಲು ತೊಡಗಿದುದು ಭಾರತದ ಶಿಕ್ಷಣದ ಇತಿಹಾಸದಲ್ಲಿ ಒಂದು ಸಾಹಸವೇ ಸರಿ. ದೇಶಭಾಷೆಯಲ್ಲಿ ಕಲಿತರೆ ವಿದ್ಯೆ ಮನಸ್ಸಿಗಿಳಿಯುತ್ತದೆ ಎಂಬ ಅದರ ತರ್ಕ ಸಾಧುವಾದುದು. ಅದೇ ತರ್ಕವನ್ನು ಕನ್ನಡ, ಮರಾಠಿ, ತೆಲುಗು ಮಾತನಾಡುವ ಪ್ರಜೆಗಳಿಗೆ ಅನ್ವಯಿಸಲಿಲ್ಲವೆಂಬುದೇ ಅದರ ಕೊರತೆ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಸಂಗತಿ ಬೀದರ್ ಜಿಲ್ಲೆಯ ಜನರ ನೆನಪಿನಲ್ಲಿ ಇಂದಿಗೂ ಉಳಿದಿದೆ. ಪ್ರಾಥಮಿಕ ಶಾಲೆಯ ಪಾಡೇ ಹೀಗಿದ್ದಾಗ ಕಾಲೇಜಿನ ಮಾತು ದೂರವೇ ಉಳಿಯಿತು. ದುಬಲಗುಂಡಿಯ ವಿದ್ಯಾರ್ಥಿಗೆ ದಾರಿ ಮತ್ತು ಭಾಷೆ ಎರಡೂ ಅಡ್ಡವಾಗಿದ್ದವು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯು ಮೂರು ರಾಜ್ಯಗಳಿಗೆ ಹಂಚಿಹೋಗಿ, ಹುಮನಾಬಾದ್ ಮತ್ತು ಕಲ್ಯಾಣದ ಭಾಗಗಳು ವಿಶಾಲ ಮೈಸೂರಿಗೆ ಬಂದವು. ಈಗ ಆಶ್ರಯಿಸಬೇಕಾದ ವಿಶ್ವವಿದ್ಯಾನಿಲಯ 1949ರಲ್ಲಿ ಸ್ಥಾಪಿತವಾಗಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವಾಯಿತು. ಭಾಷೆಯ ಅಡ್ಡಿ ಸಡಿಲಗೊಂಡಿತು. ದಾರಿ ಮಾತ್ರ ಇನ್ನೂ ಉದ್ದವಾಯಿತು.

ಈ ಹೊತ್ತಿನಲ್ಲಿಯೇ, 1958ರಲ್ಲಿ, ಲೋಕಸಭಾ ಸದಸ್ಯರಾಗಿದ್ದ ಮಹಾದೇವಪ್ಪ ರಾಂಪುರೆಯವರ ಮುಂದಾಳುತನದಲ್ಲಿ ಗುಲ್ಬರ್ಗದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಹುಟ್ಟಿತು. ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಅದೇ ವರ್ಷ ಆರಂಭವಾಯಿತು. ವೈದ್ಯಕೀಯ ಕಾಲೇಜು 1963ರಲ್ಲಿ ಬಂದಿತು. ನಮ್ಮ ವಿಷಯಕ್ಕೆ ಮುಖ್ಯವಾದುದು ಅದರ ಇನ್ನೊಂದು ಕಾರ್ಯ. ಸಂಸ್ಥೆಯು ಗುಲ್ಬರ್ಗದಲ್ಲಿಯೇ ನಿಲ್ಲದೆ ಹೊರಗಿನ ಊರುಗಳಿಗೂ ಕಾಲೇಜನ್ನು ಒಯ್ದಿತು. ಬೀದರಿನ ಬಿ. ವಿ. ಭೂಮರೆಡ್ಡಿ ಕಾಲೇಜು, ಹುಮನಾಬಾದಿನ ಶ್ರೀ ವೀರಭದ್ರೇಶ್ವರ ಕಾಲೇಜು, ಬಸವಕಲ್ಯಾಣದ ಬಸವೇಶ್ವರ ಕಾಲೇಜು ಇವೆಲ್ಲ ಒಂದೇ ಮರದ ಕೊಂಬೆಗಳು. ಊರದೈವದ ಹೆಸರನ್ನೋ ನಾಡಿನ ಶರಣರ ಹೆಸರನ್ನೋ ಹೊತ್ತ ಕಾಲೇಜು ಜನರಿಗೆ ಪರಕೀಯವಾಗಿ ತೋರಲಿಲ್ಲ.

ಇಂಥ ಸಂಸ್ಥೆಯ ರಚನೆಯನ್ನು ವಿದ್ಯಾರ್ಥಿಗಳು ಸ್ಪಷ್ಟವಾಗಿ ತಿಳಿಯಬೇಕು. ಆಸ್ತಿ, ಕಟ್ಟಡ, ಆಡಳಿತಗಳು ಕೇಂದ್ರದ ಆಡಳಿತ ಮಂಡಳಿಯ ಕೈಯಲ್ಲಿ. ಪಠ್ಯಕ್ರಮ, ಪರೀಕ್ಷೆ, ಪದವಿಗಳು ವಿಶ್ವವಿದ್ಯಾನಿಲಯದ ಕೈಯಲ್ಲಿ. ಅನುದಾನಕ್ಕೆ ಒಳಪಟ್ಟ ಹುದ್ದೆಗಳ ಸಂಬಳ ಸರ್ಕಾರದಿಂದ. ಹೀಗೆ ತಾಲ್ಲೂಕಿನ ಒಂದು ಕಾಲೇಜು ಮೂವರು ಯಜಮಾನರಿಗೆ ಉತ್ತರ ಹೇಳಬೇಕಾಗುತ್ತದೆ. ಇದರ ಲಾಭವೇನೆಂದರೆ, ತನ್ನಷ್ಟಕ್ಕೆ ತಾನು ನಿಲ್ಲಲಾರದ ಸಣ್ಣ ಕಾಲೇಜು ದೊಡ್ಡ ಸಂಸ್ಥೆಯ ಆಸರೆಯಲ್ಲಿ ಬದುಕುತ್ತದೆ. ಒಬ್ಬ ದಾನಿ ಇಲ್ಲವಾದರೂ ಅದರ ಬಾಗಿಲು ಮುಚ್ಚಬೇಕಾಗಿಲ್ಲ. ನಾಗಾವಿಗೂ ಗವಾನನ ಮದರಸಾಕ್ಕೂ ಇಲ್ಲದಿದ್ದ ಬಲವಿದು.

ಆದರೆ ಈ ಏರ್ಪಾಡಿನಲ್ಲಿ ಒಂದು ಇಳಿಜಾರೂ ಇದೆ. ಇಂಜಿನಿಯರಿಂಗ್, ವೈದ್ಯಕೀಯಗಳಂಥ ವೆಚ್ಚದ ವಿದ್ಯೆಗಳು ಕೇಂದ್ರದಲ್ಲಿ ನೆಲೆಗೊಂಡವು. ತಾಲ್ಲೂಕುಗಳಿಗೆ ಮುಖ್ಯವಾಗಿ ದೊರೆತವು ಕಲೆ, ವಿಜ್ಞಾನ, ವಾಣಿಜ್ಯಗಳು. ಕಾಲೇಜು ಹತ್ತಿರ ಬಂದರೂ, ಯಾವ ವಿದ್ಯೆ ಹತ್ತಿರ ಬಂದಿತೆಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಸಂಸ್ಥೆಯೊಂದನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿದ 39ರಲ್ಲಿ 21 ಗುಲ್ಬರ್ಗ ವಿಭಾಗಕ್ಕೆ ಸೇರಿದವು. ಇಷ್ಟು ದೊಡ್ಡ ಅಂತರವನ್ನು ಖಾಸಗಿ ಸಂಸ್ಥೆಯೊಂದು ತಾನೇ ತುಂಬಲಾರದು.

ಸರ್ಕಾರದ ಹೆಜ್ಜೆಗಳೂ ನಿಧಾನವಾಗಿ ಇದೇ ದಿಕ್ಕಿನಲ್ಲಿ ಸಾಗಿದವು. ಗುಲ್ಬರ್ಗದಲ್ಲಿ 1970ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು ಆರಂಭವಾಯಿತು. 1980ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. 2004ರ ಕಾಯಿದೆಯಿಂದ ಬೀದರಿನಲ್ಲಿ ಪಶುವೈದ್ಯಕೀಯ ಹಾಗೂ ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಹಳೆಯ ಕ್ರಮವೇ ತಿರುವುಮುರುವಾಯಿತು: ಬೆಂಗಳೂರಿನ ಹೆಬ್ಬಾಳದ ಕಾಲೇಜೂ ಮಂಗಳೂರಿನ ಮೀನುಗಾರಿಕಾ ಕಾಲೇಜೂ ಬೀದರನ್ನು ಕೇಂದ್ರವಾಗಿ ಪಡೆದವು. 2012ರಲ್ಲಿ ಅಂಗೀಕೃತವಾದ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿಯು ಸೇರಿ, ಈ ಭಾಗದ ವಿದ್ಯಾರ್ಥಿಗಳಿಗೆ ಶಿಕ್ಷಣದಲ್ಲಿ ಮೀಸಲಾತಿಗೆ ಅವಕಾಶವಾಯಿತು. ಬೀದರ್–ಕಲಬುರಗಿ ರೈಲುಮಾರ್ಗವು ಹುಮನಾಬಾದಿನ ಮೂಲಕ ಪೂರ್ಣಗೊಂಡು 2017ರ ಅಕ್ಟೋಬರ್ 29ರಂದು ಉದ್ಘಾಟಿತವಾಯಿತು. 2023ರಲ್ಲಿ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯ ಅಂಗಳದಲ್ಲಿ ಬೀದರ್ ವಿಶ್ವವಿದ್ಯಾನಿಲಯವು ಕಾರ್ಯಾರಂಭ ಮಾಡಿತು. ಹೈದರಾಬಾದಿನಿಂದ ಧಾರವಾಡಕ್ಕೆ, ಧಾರವಾಡದಿಂದ ಗುಲ್ಬರ್ಗಕ್ಕೆ, ಅಲ್ಲಿಂದ ನೆರೆಯ ತಾಲ್ಲೂಕಿಗೆ ಪದವಿಯ ಕೇಂದ್ರವು ನಡೆದು ಬರಲು ಒಂದು ಶತಮಾನಕ್ಕೂ ಮೀರಿದ ಕಾಲ ಹಿಡಿಯಿತು.

ಈ ಇತಿಹಾಸದಿಂದ ನಾವು ತಲಪುವ ನಿರ್ಣಯ ಇಷ್ಟು: ಹಲವು ಅಂಗಳಗಳ ಸಂಸ್ಥೆಯ ಯೋಗ್ಯತೆಯನ್ನು ಅದರ ಕೇಂದ್ರದ ಕಟ್ಟಡಗಳಿಂದ ಅಳೆಯಲಾಗದು, ಅದರ ಕೊನೆಯ ಅಂಗಳದಲ್ಲಿರುವ ಗ್ರಂಥಾಲಯ, ಪ್ರಯೋಗಶಾಲೆ, ಅಧ್ಯಾಪಕರಿಂದ ಅಳೆಯಬೇಕು. ಅಲ್ಲಿ ಇವು ಸೊರಗಿದರೆ ತಾಲ್ಲೂಕಿನ ಕಾಲೇಜು ಪರೀಕ್ಷೆಗೆ ಹೆಸರು ಬರೆಯಿಸುವ ಕಚೇರಿಯಾಗಿ ಉಳಿದೀತು. ದೂರದ ಊರಿನ ಕೊಠಡಿಯ ಬಾಡಿಗೆ ಕೊಡಬಲ್ಲವರು ಹೊರಟುಹೋಗುತ್ತಾರೆ, ಕೊಡಲಾರದವರು ಇದ್ದುದರಲ್ಲಿ ತೃಪ್ತಿಪಡಬೇಕಾಗುತ್ತದೆ. ಹೆಣ್ಣುಮಕ್ಕಳ ಓದಿಗೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಕೊನೆಯದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಕಾಲೇಜುಗಳ ಹಳೆಯ ಪ್ರವೇಶ ಪುಸ್ತಕಗಳು ಶಾಸನಗಳಷ್ಟೇ ಬೆಲೆಯುಳ್ಳ ಆಧಾರಗಳು. ಯಾವ ವರ್ಷ ಯಾವ ಹಳ್ಳಿಯಿಂದ ಎಷ್ಟು ಮಂದಿ ಬಂದರು, ಅವರಲ್ಲಿ ಹುಡುಗಿಯರೆಷ್ಟು, ನಡುವೆ ಬಿಟ್ಟವರೆಷ್ಟು ಎಂಬುದನ್ನು ಅವುಗಳಿಂದ ತಿಳಿಯಬಹುದು. ದುಬಲಗುಂಡಿಯಿಂದ ಹುಮನಾಬಾದಿನ ಕಾಲೇಜಿಗೆ ಮೊದಲು ಬಂದ ವಿದ್ಯಾರ್ಥಿನಿ ಯಾವ ವರ್ಷದವಳು ಎಂಬ ಪ್ರಶ್ನೆಯಿಂದ ಈ ಕೆಲಸವನ್ನು ಆರಂಭಿಸಬಹುದು. ಆ ಪುಸ್ತಕಗಳು ಗೆದ್ದಲಿನ ಪಾಲಾಗುವ ಮೊದಲೇ ಅದು ನಡೆಯಲಿ.