ಹುಲ್ಲಿನ ಮೇಲೆ ಕಾದಿರುವ ಹುಳು

(ಬಾನುಲಿ ಭಾಷಣ)

ಮುಂಗಾರು ಹಿಡಿದು ಒಂದೂವರೆ ತಿಂಗಳಾದ ಮೇಲೆ, ಪುಷ್ಯ, ಆಶ್ಲೇಷ ಮಳೆಗಳ ಹೊತ್ತಿಗೆ, ಮಲೆನಾಡಿನ ಅಂಚಿನ ಊರುಗಳಲ್ಲಿ ಕುರಿ ಸಾಕಿದವರಿಂದ ಒಂದು ದೂರು ಕೇಳಿಬರುತ್ತದೆ. ಹಸಿರು ಹುಲ್ಲು ಬೇಕಾದಷ್ಟು ಬೆಳೆದಿದೆ. ಕುರಿಗಳು ದಿನವೆಲ್ಲ ಮೇಯುತ್ತಲೂ ಇವೆ. ಆದರೂ ಮೈ ಹಿಡಿಯುತ್ತಿಲ್ಲ. ಕೆಲವು ಕುರಿಗಳ ಗದ್ದದ ಕೆಳಗೆ ನೀರು ತುಂಬಿದಂಥ ಬಾವು ಕಾಣಿಸಿಕೊಳ್ಳುತ್ತದೆ. ನೆನ್ನೆ ನೆಗೆದಾಡುತ್ತಿದ್ದ ಮರಿ ಇಂದು ಬೆಳಗ್ಗೆ ಹಟ್ಟಿಯಲ್ಲಿ ಸತ್ತುಬಿದ್ದಿರುತ್ತದೆ. ಜಂತುಹುಳುವಿನ ಔಷಧಿ ಕುಡಿಸಿದರೆ ಮಂದೆ ಚೇತರಿಸುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಸ್ಥಿತಿ. ಔಷಧಿಯೇ ಕಳಪೆ ಎಂದು ಬೈದು ಸುಮ್ಮನಾಗುವವರು ಬಹಳ ಮಂದಿ. ಔಷಧಿ ತನ್ನ ಕೆಲಸವನ್ನು ಹೊಟ್ಟೆಯೊಳಗೆ ಮಾಡಿ ಮುಗಿಸಿದ್ದರೂ, ಕುರಿ ಮರುದಿನ ಹೋಗಿ ಬಾಯಿ ಹಾಕಿದ್ದು ಅದೇ ಹುಲ್ಲಿಗೆ ಎಂಬುದನ್ನು ನಾವು ಗಮನಿಸುವುದಿಲ್ಲ. ಆದುದರಿಂದ ಇಂದು ಹೊಟ್ಟೆಯೊಳಗಿನ ಹುಳುವಿಗಿಂತ ಹೆಚ್ಚಾಗಿ ಹುಲ್ಲಿನ ಮೇಲಿರುವ ಅದರ ಸಂತಾನವನ್ನು ಕುರಿತು ಹೇಳಬೇಕೆಂದಿದ್ದೇನೆ. ಅದು ಅಲ್ಲಿ ಎಷ್ಟು ಕಾಲ ಬದುಕಿರುತ್ತದೆ, ಯಾವುದರಿಂದ ಸಾಯುತ್ತದೆ ಎಂಬುದನ್ನು ತಿಳಿದವನಿಗೆ ಮಂದೆಯನ್ನು ಕಾಪಾಡುವ ಅರ್ಧ ದಾರಿ ಸಿಕ್ಕಂತೆಯೇ.

ಕುರಿ, ಮೇಕೆಗಳನ್ನು ಕಾಡುವ ಜಂತುಗಳು ಹಲವಾರು. ಬಿಸಿಲು ಮಳೆಗಳೆರಡೂ ಹೆಚ್ಚಾಗಿರುವ ನಮ್ಮಂಥ ನಾಡುಗಳಲ್ಲಿ ಅವುಗಳ ಪೈಕಿ ಅತ್ಯಂತ ಘಾತುಕವಾದದ್ದು ಹೀಮಾಂಕಸ್ ಕಂಟಾರ್ಟಸ್ ಎಂಬ ದುಂಡುಹುಳು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ನಾಲ್ಕನೆಯ ಕೋಣೆ ಅದರ ಮನೆ. ಹೆಣ್ಣುಹುಳು ಎರಡು ಮೂರು ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಗರ್ಭನಾಳ ಹೊಸೆದುಕೊಂಡು, ಕೆಂಪು ಬಿಳಿ ನೂಲುಗಳನ್ನು ಸೇರಿಸಿ ಹುರಿಮಾಡಿದಂತೆ ತೋರುತ್ತದೆ. ಒಂದೊಂದು ಹುಳುವಿನಿಂದ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ನಷ್ಟವಾಗುತ್ತದೆಂದು ಲೆಕ್ಕ. ಇದು ಅಲ್ಪವೆಂದು ಕಾಣಬಹುದು. ಆದರೆ ಹೊಟ್ಟೆಯಲ್ಲಿ 2,000 ಹುಳುಗಳಿದ್ದರೆ ದಿನಕ್ಕೆ 100 ಮಿಲಿಲೀಟರ್ ರಕ್ತ ಹೋಯಿತು. 25 ಕಿಲೋ ತೂಗುವ ಕುರಿಯ ಮೈಯಲ್ಲಿರುವ ರಕ್ತವೇ ಸುಮಾರು ಒಂದೂವರೆ ಲೀಟರ್. ಬೇರೆ ಜಂತುಗಳಿಂದ ಭೇದಿಯಾಗುವುದರಿಂದ ಒಡೆಯನಿಗೆ ಸೂಚನೆ ಸಿಗುತ್ತದೆ. ಇದರಿಂದ ಸಾಮಾನ್ಯವಾಗಿ ಭೇದಿಯಾಗುವುದಿಲ್ಲ. ಹಿಕ್ಕೆ ಗಟ್ಟಿಯಾಗಿಯೇ ಬೀಳುತ್ತಿರುತ್ತದೆ, ಒಳಗೆ ಕುರಿ ಬಿಳಿಚಿಕೊಳ್ಳುತ್ತಿರುತ್ತದೆ.

ಒಂದು ಹೆಣ್ಣುಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆಗಳನ್ನಿಡಬಲ್ಲದು. ಒಂದು ಕುರಿಯಲ್ಲಿ 200 ಹೆಣ್ಣುಹುಳುಗಳಿದ್ದರೂ ಅದರ ಹಿಕ್ಕೆಯೊಡನೆ ದಿನಕ್ಕೆ ಹತ್ತು ಲಕ್ಷ ಮೊಟ್ಟೆಗಳು ನೆಲಕ್ಕೆ ಬೀಳುತ್ತವೆ. ಇಪ್ಪತ್ತು ಕುರಿಗಳ ಸಣ್ಣ ಮಂದೆಯಾದರೆ ಎರಡು ಕೋಟಿ. ಈ ಮೊಟ್ಟೆಗಳು ಒಂದು ಕುರಿಯಿಂದ ಇನ್ನೊಂದಕ್ಕೆ ನೇರವಾಗಿ ಹರಡುವಂತಿಲ್ಲ. ಹಿಕ್ಕೆಯೊಳಗೇ ಒಡೆದು, ಹೊರಬಂದ ಮರಿಹುಳು ಅಲ್ಲಿನ ಬ್ಯಾಕ್ಟೀರಿಯಾಗಳನ್ನು ತಿಂದು ಎರಡು ಬಾರಿ ಪೊರೆ ಬಿಡುವ ಹಂತ ಮುಟ್ಟಿ, ಮೂರನೆಯ ಅವಸ್ಥೆಗೆ ಬಂದ ಮೇಲಷ್ಟೇ ಅದಕ್ಕೆ ಇನ್ನೊಂದು ಕುರಿಯನ್ನು ಹಿಡಿಯುವ ಶಕ್ತಿ ಬರುತ್ತದೆ. ಬೆಚ್ಚಗಿನ ತೇವದ ಹವೆಯಲ್ಲಿ ಇದಕ್ಕೆ ನಾಲ್ಕರಿಂದ ಏಳು ದಿನ ಸಾಕು. ಚಳಿಯಿದ್ದರೆ ವಾರಗಟ್ಟಲೆ ಬೇಕು. ಈ ನಾಲ್ಕು ದಿನಗಳೆಂಬ ಲೆಕ್ಕವನ್ನು ನೆನಪಿಡಿ. ಮುಂದೆ ಅದರ ಪ್ರಯೋಜನವಿದೆ.

ಮೂರನೆಯ ಅವಸ್ಥೆಯ ಈ ಮರಿಹುಳು ಮುಕ್ಕಾಲು ಮಿಲಿಮೀಟರಿನಷ್ಟು ಉದ್ದ. ಎರಡನೆಯ ಅವಸ್ಥೆಯ ಪೊರೆಯನ್ನು ಕಳಚಿ ಎಸೆಯದೆ, ಅದನ್ನೇ ಮೈಗೆ ಹೊದ್ದುಕೊಂಡಿರುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡ ಕುರಿಗಾಹಿ ಮಳೆಗಾಳಿಯನ್ನು ತಡೆಯುವಂತೆ ಈ ಹೊದಿಕೆಯೊಳಗಿನ ಹುಳುವೂ ಒಣಹವೆಯನ್ನು ಕೆಲಕಾಲ ತಡೆಯಬಲ್ಲದು. ಆದರೆ ಹೊದಿಕೆ ಬಾಯಿಯನ್ನೂ ಮುಚ್ಚಿರುವುದರಿಂದ ಅದು ಏನನ್ನೂ ತಿನ್ನಲಾರದು. ಎಳೆಯ ಅವಸ್ಥೆಯಲ್ಲಿ ಮೈಯಲ್ಲಿ ಕೂಡಿಟ್ಟುಕೊಂಡ ಕೊಬ್ಬೇ ಅದರ ಬುತ್ತಿ. ಬುತ್ತಿ ತೀರಿದ ದಿನ ಸಾವು. ಹವೆ ತಂಪಾಗಿದ್ದರೆ ಹುಳು ಅಲುಗಾಡದೆ ಬಿದ್ದಿರುತ್ತದೆ, ಬುತ್ತಿ ನಿಧಾನವಾಗಿ ಕರಗುತ್ತದೆ. ಹವೆ ಬೆಚ್ಚಗಾದಷ್ಟೂ ಅದರ ಓಡಾಟ ಹೆಚ್ಚಿ, ಬುತ್ತಿ ಬೇಗ ಬರಿದಾಗುತ್ತದೆ. ತಂಪು ನಾಡುಗಳ ಹುಲ್ಲುಗಾವಲುಗಳಲ್ಲಿ ಇಂಥ ಮರಿಹುಳುಗಳು ತಿಂಗಳುಗಟ್ಟಲೆ ಉಳಿಯುವುದಕ್ಕೂ, ಬಿಸಿ ತೇವದ ಉಷ್ಣವಲಯದಲ್ಲಿ ಅವುಗಳ ಬಹುಭಾಗ ಕೆಲವೇ ವಾರಗಳಲ್ಲಿ ನಾಶವಾಗುವುದಕ್ಕೂ ಇದೇ ಕಾರಣ. ಅವುಗಳನ್ನು ಬಹುಬೇಗ ಬೆಳೆಸುವ ಬಿಸಿಯೇ ಅವುಗಳನ್ನು ಬೇಗ ಕೊಲ್ಲುತ್ತದೆ.

ಹಿಕ್ಕೆಯಿಂದ ಹೊರಬಿದ್ದ ಹುಳು ಹುಲ್ಲನ್ನೇರಬೇಕಾದರೆ ನೀರು ಬೇಕು. ಎಸಳಿನ ಮೇಲೆ ಹರಡಿದ ತೆಳ್ಳನೆಯ ನೀರಿನ ಪದರದಲ್ಲಿಯೇ ಅದು ತೆವಳುವುದು. ಮಳೆಯ ಹನಿ, ಮುಂಜಾವಿನ ಇಬ್ಬನಿ ಎರಡೂ ಅದಕ್ಕೆ ದಾರಿ. ಹೀಗೆ ಏರಿದರೂ ಬಹುಪಾಲು ಹುಳುಗಳು ಬುಡದಿಂದ ಐದು ಸೆಂಟಿಮೀಟರಿನೊಳಗೇ, ಎಂದರೆ ಸುಮಾರು ಮೂರು ಬೆರಳಗಲದೊಳಗೇ, ಉಳಿಯುತ್ತವೆ. ಇಬ್ಬನಿ ಆರಿದ ಮೇಲೆಯೇ ಮಂದೆ ಹೊರಡಿಸುವ ಅನುಭವಸ್ಥ ಕುರಿಗಾಹಿಗಳ ಪದ್ಧತಿಯಲ್ಲಿ ಇದರಿಂದಲೇ ಅರ್ಥವಿದೆ. ಆದರೆ ಮಳೆ ಹಿಡಿದ ವಾರಗಳಲ್ಲಿ ಹುಲ್ಲು ಆರುವ ಹೊತ್ತೇ ಇರುವುದಿಲ್ಲ. ಆಗ ಹೊತ್ತಿಗಿಂತ ಹುಲ್ಲಿನ ಎತ್ತರವೇ ಮುಖ್ಯ. ಬುಡದವರೆಗೆ ಕಚ್ಚಿ ನೆಲ ಕೆರೆಯುವಂತೆ ಮೇಯಿಸಿದ ಜಾಗದಲ್ಲಿ ಕುರಿಯ ಬಾಯಿಗೆ ಹುಲ್ಲಿಗಿಂತ ಹುಳುವೇ ಹೆಚ್ಚು ಸಿಕ್ಕೀತು.

ಈ ಮಾತುಗಳನ್ನು ಈಗ ಒಂದು ಊರಿನ ನೆಲಕ್ಕೆ ಅನ್ವಯಿಸಿ ನೋಡೋಣ. ಮಲ್ಲಿಕಾರ್ಜುನ ದೇವಾಲಯದಿಂದಲೂ ಶಾಸನಗಳಿಂದಲೂ ಹೆಸರಾದ ತೊಗರ್ಸಿ, ಶಿಕಾರಿಪುರ ತಾಲ್ಲೂಕಿನಲ್ಲಿದೆ. ಪಶ್ಚಿಮಕ್ಕೆ ಸೊರಬದ ಕಡೆ ಸರಿದಂತೆ ಮಳೆ ಹೆಚ್ಚುತ್ತದೆ, ಕಾಡು ದಟ್ಟವಾಗುತ್ತದೆ. ಪೂರ್ವಕ್ಕೆ ಹಿರೇಕೆರೂರಿನ ಕಡೆ ಹೊರಟರೆ ಬಯಲುಸೀಮೆ ತೆರೆದುಕೊಳ್ಳುತ್ತದೆ. ಕುರಿ ಮೂಲತಃ ಒಣಸೀಮೆಗೆ ಒಗ್ಗಿದ ಪ್ರಾಣಿ. ನಮ್ಮ ದಖ್ಖನಿ, ಬಳ್ಳಾರಿ ತಳಿಗಳೆರಡೂ ಬಯಲು ನೆಲದವು. ಬಂಗಾಳದ ಸುಂದರಬನದ ಜೌಗಿನಲ್ಲಿ ಬೆಳೆದ ಗರೋಲ್ ತಳಿಗೆ ಈ ಹುಳುವನ್ನು ತಡೆದುಕೊಳ್ಳುವ ಗುಣ ಸ್ವಲ್ಪಮಟ್ಟಿಗೆ ಹುಟ್ಟಿನಿಂದಲೇ ಇದೆ. ಬಯಲುಸೀಮೆಯ ಕುರಿಯಿಂದ ಅದನ್ನು ನಿರೀಕ್ಷಿಸಲಾಗದು. ಹೀಗಾಗಿ ಎರಡು ಹವೆಗಳು ಕೂಡುವ ಇಂಥ ಸೀಮೆಯಲ್ಲಿ ಜಂತುವಿನ ಕಾಟ ಕಾಲಕಾಲಕ್ಕೆ ಬೇರೆಯಾಗುತ್ತದೆ.

ಮಾರ್ಚಿಯಿಂದ ಮೇ ತಿಂಗಳವರೆಗೆ ನೆಲ ಕಾದು ಬಿರಿದಿರುವಾಗ ಬಯಲಿಗೆ ಬಿದ್ದ ಹಿಕ್ಕೆ ಬೇಗ ಒಣಗುತ್ತದೆ. ಒಳಗಿನ ಮೊಟ್ಟೆ, ಎಳೆಯ ಮರಿಗಳು ಅಲ್ಲಿಯೇ ನಾಶವಾಗುತ್ತವೆ. ಕೆರೆಯಂಗಳ, ಕಾಲುವೆಯಂಚುಗಳಂಥ ಹಸಿ ಜಾಗಗಳನ್ನು ಬಿಟ್ಟರೆ ಬೇಸಗೆಯ ಕೊನೆಗೆ ಗೋಮಾಳ ಬಹುಮಟ್ಟಿಗೆ ಶುದ್ಧವಾಗಿರುತ್ತದೆ. ಹಾಗಾದರೆ ಆರಿದ್ರಾ ಮಳೆಯ ಹೊತ್ತಿಗೆ ಹುಳು ಮತ್ತೆ ಎಲ್ಲಿಂದ ಬರುತ್ತದೆ? ಕುರಿಯ ಹೊಟ್ಟೆಯಿಂದಲೇ. ಹೊರಗೆ ಸಂತಾನ ಬದುಕದ ಕಾಲದಲ್ಲಿ ಹುಳುಗಳ ಒಂದು ಭಾಗ ಹೊಟ್ಟೆಯ ಒಳಪೊರೆಯಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ ಮಲಗಿಬಿಡಬಲ್ಲದು. ಮಳೆಗಾಲ ಹತ್ತಿರವಾದಂತೆ ಅವು ಎದ್ದು ಬೆಳೆದು ಮೊಟ್ಟೆಯಿಡತೊಡಗುತ್ತವೆ. ಅದೇ ವೇಳೆಗೆ ಈದ ಕುರಿಗಳಿದ್ದರೆ ತೊಂದರೆ ಇಮ್ಮಡಿ. ಈಯುವ ಕಾಲದಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಕುಗ್ಗಿ ಅದರ ಹಿಕ್ಕೆಯಲ್ಲಿ ಮೊಟ್ಟೆಗಳ ಸಂಖ್ಯೆ ಏರುತ್ತದೆ. ಮಳೆಗೆ ಚಿಗುರಿದ ಹುಲ್ಲಿನ ಮೇಲೆ ಮೊದಲ ಸಂತಾನ, ಅದನ್ನು ಮೇಯ್ದ ಕುರಿಯಲ್ಲಿ ಸುಮಾರು ಮೂರು ವಾರಕ್ಕೆ ಮೊಟ್ಟೆಯಿಡುವ ಹುಳು, ಮತ್ತೆ ಒಂದು ವಾರಕ್ಕೆ ಎರಡನೆಯ ಸಂತಾನ. ಹೀಗೆ ಮೊದಲ ಮಳೆಯಲ್ಲಿ ಕಾಣದಿದ್ದ ಕಾಟ ಪುಷ್ಯ, ಆಶ್ಲೇಷದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ.

ಈಗ ನಾಲ್ಕು ದಿನಗಳ ಲೆಕ್ಕಕ್ಕೆ ಬರೋಣ. ಮಂದೆ ಒಂದು ಜಾಗದಲ್ಲಿ ನಾಲ್ಕು ದಿನಕ್ಕಿಂತ ಕಡಿಮೆ ಕಾಲ ಮೇಯ್ದು ಮುಂದೆ ಹೋದರೆ, ತಾನು ಹಾಕಿದ ಹಿಕ್ಕೆಯ ಹುಳು ಬಲಿಯುವ ಮೊದಲೇ ಜಾಗ ಬಿಟ್ಟಂತಾಯಿತು. ಅಲ್ಲಿಗೆ ಮರಳುವುದನ್ನು ಐದಾರು ವಾರ ತಡೆದರೆ, ಕಾದಿದ್ದ ಹುಳುಗಳಲ್ಲಿ ಹೆಚ್ಚಿನವು ಬುತ್ತಿ ತೀರಿ ಸತ್ತಿರುತ್ತವೆ. ಪೆಸಿಫಿಕ್ ಸಾಗರದ ಟೋಂಗಾ ದ್ವೀಪದಲ್ಲಿ ವಿಜ್ಞಾನಿಗಳು ಇದನ್ನು ಮೇಕೆಗಳ ಮೇಲೆ ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದರು. ಬಯಲನ್ನು ಹತ್ತು ತುಂಡು ಮಾಡಿ, ಒಂದೊಂದರಲ್ಲಿ ಮೂರೂವರೆ ದಿನ ಮೇಯಿಸಿ, ಮೂವತ್ತೈದು ದಿನಕ್ಕೊಮ್ಮೆ ಸುತ್ತು ಮುಗಿಸಿದಾಗ, ಒಂದೇ ಕಡೆ ಬಿಟ್ಟ ಮೇಕೆಗಳಿಗಿಂತ ಇವುಗಳಲ್ಲಿ ಹುಳುವಿನ ಮೊಟ್ಟೆ ಗಣನೀಯವಾಗಿ ಕಡಿಮೆಯಾಗಿತ್ತು. ಔಷಧಿಯ ಅಗತ್ಯವೂ ತಗ್ಗಿತು. ನಮ್ಮ ಮಳೆಗಾಲದ ಮೋಡ ಮುಸುಕಿದ ತಂಪು ದಿನಗಳಲ್ಲಿ ಹುಳು ಇನ್ನೂ ಸ್ವಲ್ಪ ಹೆಚ್ಚು ಕಾಲ ಉಳಿಯಬಹುದಾದ್ದರಿಂದ ಐದು ವಾರಕ್ಕಿಂತ ಆರು ವಾರ ಲೇಸು.

ಸುಗ್ಗಿಯ ನಂತರ ಬಯಲುಸೀಮೆಯಿಂದ ಬಂದು ಹೊಲದಲ್ಲಿ ಒಂದೆರಡು ರಾತ್ರಿ ಮಂದೆ ತರುಬಿ, ಗೊಬ್ಬರಕ್ಕಾಗಿ ಕಾಳನ್ನೋ ಹಣವನ್ನೋ ಪಡೆದು ಮುಂದಕ್ಕೆ ಸಾಗುವ ಕುರಿಗಾಹಿ ಈ ಲೆಕ್ಕವನ್ನು ಪುಸ್ತಕದಿಂದ ಕಲಿತವನಲ್ಲ. ಮೇವು ನೀರನ್ನು ಅರಸಿ ನಡೆದ ಅವನ ನಡಿಗೆಯೇ ಹುಳುವಿನ ಸಂತಾನವನ್ನು ಹಿಂದೆ ಬಿಟ್ಟು ಸಾಗುತ್ತಿತ್ತು. ಇಂದು ಗೋಮಾಳ, ಹುಲ್ಲುಬನ್ನಿಗಳು ಕಿರಿದಾಗಿವೆ. ಶಿಕಾರಿಪುರದ ಸುತ್ತ ಮೆಕ್ಕೆಜೋಳ ಹಬ್ಬಿರುವುದರಿಂದ ಮಳೆಗಾಲದಲ್ಲಿ ಮಂದೆಗೆ ಓಡಾಡುವ ಎಡೆ ಕಡಿಮೆಯಾಗಿದೆ. ಮನೆಯ ಹತ್ತಿಪ್ಪತ್ತು ಕುರಿಗಳು ದಿನವೂ ಅದೇ ಕೆರೆಯ ದಂಡೆ, ಅದೇ ರಸ್ತೆಯಂಚಿಗೆ ಹೋಗುತ್ತವೆ. ನಡೆಯುವ ಮಂದೆ ನಿಂತಿದೆ. ಹುಳುವಿಗೆ ಅದರಿಂದ ಅನುಕೂಲವಾಗಿದೆ.

ಬೇಲಿ ಹಾಕಿ ಹತ್ತು ತುಂಡು ಮಾಡುವುದು ನಮ್ಮ ಹಳ್ಳಿಗೆ ಆಗದ ಮಾತು ಎನ್ನಬಹುದು. ಆದರೂ ಮಾಡಬಹುದಾದ ಕೆಲಸಗಳಿವೆ. ಮೇಯುವ ಜಾಗಗಳನ್ನು ನಾಲ್ಕಾರು ಭಾಗವೆಂದು ಮನಸ್ಸಿನಲ್ಲಿ ಹಂಚಿಕೊಂಡು ಸರದಿಯ ಮೇಲೆ ಬಿಡಬಹುದು. ಉತ್ತು ಬೆಳೆ ತೆಗೆದ ಹೊಲಕ್ಕೆ ತಿಂಗಳುಗಟ್ಟಲೆ ಕುರಿ ಕಾಲಿಟ್ಟಿರುವುದಿಲ್ಲವಾದ್ದರಿಂದ, ಕೊಯ್ಲಾದ ಕೂಡಲೇ ಅದು ಅತ್ಯಂತ ಶುದ್ಧವಾದ ಮೇವಿನ ತಾಣ. ಅದನ್ನು ಮೊದಲು ಮರಿಗಳಿಗೂ ಹಾಲೂಡುವ ತಾಯಿಗಳಿಗೂ ಕೊಡಬೇಕು. ಈ ಹುಳು ಬಲಿತ ದನಗಳ ಹೊಟ್ಟೆಯಲ್ಲಿ ಸುಲಭವಾಗಿ ನೆಲೆಸದು. ಆದುದರಿಂದ ಕುರಿ ಮೇಯ್ದ ಜಾಗದಲ್ಲಿ ದನ ಮೇಯಿಸಿದರೆ ಅವು ನುಂಗಿದ ಮರಿಹುಳುಗಳಲ್ಲಿ ಹೆಚ್ಚಿನವು ವ್ಯರ್ಥವಾಗುತ್ತವೆ. ಮೇಕೆಯಿಂದ ಈ ಉಪಕಾರ ದೊರೆಯದು. ಕುರಿಯ ಹುಳುವೇ ಮೇಕೆಯ ಹುಳುವೂ ಹೌದು. ಗದ್ದೆಯ ಬದಿ, ಕೆರೆಯಂಗಳಗಳ ಮಾತು ಬೇರೆ. ಅಲ್ಲಿ ಬಸವನಹುಳುವಿನ ಮೂಲಕ ಬೆಳೆದು ಹುಲ್ಲಿಗಂಟಿಕೊಳ್ಳುವ ಯಕೃತ್ತಿನ ಚಪ್ಪಟೆಹುಳುವಿನ ಭಯವಿದೆ. ದುಂಡುಹುಳುವಿನಿಂದ ಪಾರಾಗಲೆಂದು ಮಂದೆಯನ್ನು ಜೌಗಿಗೆ ಅಟ್ಟುವುದು ಜಾಣತನವಲ್ಲ.

ಇಷ್ಟೆಲ್ಲ ತೊಡಕೇಕೆ, ತಿಂಗಳಿಗೊಮ್ಮೆ ಎಲ್ಲಕ್ಕೂ ಔಷಧಿ ಕುಡಿಸಿದರಾಗದೆ ಎಂದು ಕೇಳುವವರುಂಟು. ಥಯಾಬೆಂಡಜೋಲ್ ಎಂಬ ಔಷಧಿ 1961ರಲ್ಲಿ ಬಂದಾಗ ಜಗತ್ತೂ ಹಾಗೆಯೇ ಎಣಿಸಿತ್ತು. ಮೂರು ವರ್ಷ ಕಳೆಯುವುದರೊಳಗೆ, 1964ರಲ್ಲಿ, ಅದಕ್ಕೆ ಜಗ್ಗದ ಹೀಮಾಂಕಸ್ ಅಮೆರಿಕದಲ್ಲಿ ಕಾಣಿಸಿಕೊಂಡಿತು. ನಮ್ಮ ದೇಶದಲ್ಲಿಯೂ 1976ರಲ್ಲಿಯೇ ಇಂಥ ಹುಳುವಿನ ವರದಿ ಬಂದಿದೆ. ಔಷಧಿ ತಾಗಿದಾಗ ಸಾಯುವ ಹುಳು ಸಾಯುತ್ತದೆ, ಸಾಯದ ಹುಳು ಉಳಿದು ವಂಶ ಬೆಳೆಸುತ್ತದೆ. ಇಲ್ಲಿ ಹುಲ್ಲಿನ ಮೇಲಿನ ಮರಿಹುಳುವಿನ ಇನ್ನೊಂದು ಮುಖ ಕಾಣುತ್ತದೆ. ಅದು ಔಷಧಿಯನ್ನು ಕಂಡದ್ದಲ್ಲ. ಅದರಲ್ಲಿ ಔಷಧಿಗೆ ಬಲಿಯಾಗುವ ಹುಳುಗಳೇ ಹೆಚ್ಚು. ಅವು ಕುರಿಯ ಹೊಟ್ಟೆ ಸೇರಿ, ಉಳಿದುಕೊಂಡ ಗಟ್ಟಿ ಹುಳುಗಳೊಡನೆ ಬೆರೆತರೆ ಮುಂದಿನ ಪೀಳಿಗೆಯ ಮೇಲೂ ಔಷಧಿ ನಡೆಯುತ್ತದೆ. ಬೇಸಗೆಯ ಕೊನೆಗೆ ಬಯಲಿನಲ್ಲಿ ಒಂದೂ ಮರಿಹುಳು ಇಲ್ಲದಿರುವಾಗ ಮಂದೆಯ ಪ್ರತಿಯೊಂದು ಕುರಿಗೂ ಔಷಧಿ ಕುಡಿಸಿದರೆ, ಮಳೆಗಾಲದ ಹುಲ್ಲಿಗೆ ಬೀಳುವ ಮೊಟ್ಟೆಗಳೆಲ್ಲ ಔಷಧಿಗೆ ಜಗ್ಗದ ಹುಳುಗಳವೇ ಆದಾವು. ಆದುದರಿಂದಲೇ ಪುಷ್ಟವಾಗಿರುವ ಕೆಲವು ಬಲಿತ ಕುರಿಗಳಿಗೆ ಔಷಧಿ ಕೊಡದೆ ಬಿಡಬೇಕೆಂದು ತಜ್ಞರು ಈಗ ಹೇಳುತ್ತಾರೆ.

ಯಾವುದಕ್ಕೆ ಕೊಡಬೇಕು ಎಂಬುದಕ್ಕೆ ಕಣ್ಣಿನ ಕೆಳರೆಪ್ಪೆಯೇ ಸಾಕ್ಷಿ. ರೆಪ್ಪೆಯನ್ನು ಮೆಲ್ಲನೆ ಇಳಿಸಿ ಒಳಗಿನ ಬಣ್ಣ ನೋಡಬೇಕು. ಕೆಂಪಗಿದ್ದರೆ ರಕ್ತವಿದೆ, ಬಿಳಿಚಿದ್ದರೆ ಹುಳು ಹೀರಿದೆ ಎಂಬ ಸಂಶಯಕ್ಕೆ ಎಡೆಯಿದೆ. ದಕ್ಷಿಣ ಆಫ್ರಿಕದಲ್ಲಿ 1990ರ ದಶಕದಲ್ಲಿ ಇದಕ್ಕಾಗಿಯೇ ಐದು ಬಣ್ಣಗಳ ಪಟವೊಂದನ್ನು ರೂಪಿಸಿದರು. ಒಂದು ಮಂದೆಯ ಹುಳುಗಳಲ್ಲಿ ಹೆಚ್ಚಿನವು ಕೆಲವೇ ಕುರಿಗಳಲ್ಲಿ ಕೂಡಿಕೊಂಡಿರುವುದರಿಂದ ಆ ಕೆಲವನ್ನು ಆರಿಸಿ ಕುಡಿಸಿದರೂ ಬಯಲಿನ ಮೇಲಿನ ಭಾರ ಬಹಳ ಇಳಿಯುತ್ತದೆ. ಕುಡಿಸುವಾಗ ಕುರಿಯನ್ನು ತೂಗಿ, ಪಶುವೈದ್ಯರು ಹೇಳಿದ ಪೂರ್ಣ ಪ್ರಮಾಣವನ್ನೇ ಕೊಡಬೇಕು. ಅರೆಬರೆ ಪ್ರಮಾಣ ಹುಳುವಿಗೆ ಕಲಿಕೆಯಾಗುತ್ತದೆ.

ಇದಕ್ಕೆಲ್ಲ ಖರ್ಚು ಹೆಚ್ಚಿಲ್ಲ. ಗೋಡೆಯ ಮೇಲಿನ ಪಂಚಾಂಗದಲ್ಲಿ ಮಂದೆ ಯಾವ ದಿನ ಯಾವ ಕಡೆ ಮೇಯ್ದಿತೆಂದು ಗುರುತು ಹಾಕಿಕೊಳ್ಳಿ. ಆರು ವಾರ ತುಂಬುವವರೆಗೆ ಆ ಕಡೆ ಮರಳದಿರಲು ಪ್ರಯತ್ನಿಸಿ. ಎಲ್ಲಕ್ಕೂ ಸಾಧ್ಯವಾಗದಿದ್ದರೆ ಮರಿಗಳಿಗಾದರೂ ಈ ನಿಯಮ ನಡೆಸಿ. ಹದಿನೈದು ದಿನಕ್ಕೊಮ್ಮೆ ಕಣ್ಣಿನ ರೆಪ್ಪೆ ನೋಡುವ ಅಭ್ಯಾಸ ಮನೆಯ ಮಕ್ಕಳಿಗೂ ಬರಲಿ. ಮುಂದಿನ ಮಳೆಗಾಲದಲ್ಲಿ ಹಟ್ಟಿಯ ಮರಿಗಳನ್ನು ಎಣಿಸುವಾಗ ಇದರ ಫಲ ಕಂಡೀತು.