ಧಾನ್ಯದಿಂದ ಬಿಯರ್ ತಯಾರಿಕೆಯ ದೋಷನಿವಾರಣೆ

ಸಿದ್ಧ ಮಾಲ್ಟ್ ಸಾರವನ್ನು ಬಳಸದೆ, ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ (ಬಾರ್ಲಿ) ಮುಂತಾದ ಧಾನ್ಯಗಳಿಂದಲೇ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವಾಗ ಉಪಕರಣ ಮತ್ತು ವಿಧಾನಗಳಲ್ಲಿ ತಲೆದೋರುವ ದೋಷಗಳನ್ನು ಗುರುತಿಸಿ ಸರಿಪಡಿಸುವುದನ್ನು ಧಾನ್ಯದಿಂದ ಬಿಯರ್ ತಯಾರಿಕೆಯ ದೋಷನಿವಾರಣೆ ಎನ್ನಬಹುದು. ಪುಡಿಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದರಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಈ ಮಿಶ್ರಣಕ್ಕೆ ಮ್ಯಾಶ್ ಎಂದು ಹೆಸರು. ಅದರಿಂದ ಸೋಸಿ ತೆಗೆದ ಸಿಹಿರಸವನ್ನು (ವರ್ಟ್) ಹಾಪ್ಸ್ ಹೂವಿನೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಿಸಲಾಗುತ್ತದೆ. ಬೆಂಗಳೂರಿನಂತಹ ಊರಿನಲ್ಲಿ ದೋಷಗಳ ಮೂಲವು ಪಾಕವಿಧಾನಕ್ಕಿಂತ ಹೆಚ್ಚಾಗಿ ನೀರು ಮತ್ತು ಉಷ್ಣಾಂಶದಲ್ಲಿರುತ್ತದೆ. ಅನ್ಯದೇಶದ ಕೈಪಿಡಿಗಳ ಅಂಕಿಗಳನ್ನು ಇಲ್ಲಿ ಹಾಗೆಯೇ ಅನುಸರಿಸುವುದೇ ಅನೇಕ ತೊಡಕುಗಳಿಗೆ ಕಾರಣ.

ಹಿನ್ನೆಲೆ ಮತ್ತು ಕಾನೂನು

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡುಪ್ರದೇಶವನ್ನು ಸ್ಥಾಪಿಸಿದ ಬಳಿಕ ಸೈನಿಕರ ಬೇಡಿಕೆಯಿಂದ ಬಿಯರ್ ಇಲ್ಲಿಗೆ ಪರಿಚಿತವಾಯಿತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಕೆಲವು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಕಟ್ಟಿದನು. 2010ರ ದಶಕದಲ್ಲಿ ಇಂದಿರಾನಗರದ ನೂರು ಅಡಿ ರಸ್ತೆಯ ಟಾಯ್ಟ್ ಮೊದಲಾದ ಕಿರು ಬ್ರೂವರಿಗಳು ಗಿರಾಕಿಗಳ ಕಣ್ಣೆದುರಿಗೇ ಬಿಯರ್ ತಯಾರಿಸತೊಡಗಿದವು. ಈ ವಿದ್ಯೆಯ ಬಗ್ಗೆ ಸಾಮಾನ್ಯರಲ್ಲಿ ಕುತೂಹಲ ಬೆಳೆಯಿತು.

ಕುತೂಹಲವಿದ್ದ ಮಾತ್ರಕ್ಕೆ ತಯಾರಿಕೆಗೆ ಅನುಮತಿ ದೊರೆಯುವುದಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ರಾಜ್ಯದಲ್ಲಿ ಮದ್ಯ ತಯಾರಿಸಲು ಪರವಾನಗಿ ಬೇಕು. ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಒಕ್ಕೂಟ ಶಾಸನವು ಇದಕ್ಕೆ ದಾರಿ ಮಾಡಿಕೊಟ್ಟಿತು. ಹೀಗಾಗಿ ಮುಂದಿನ ವಿವರಗಳು ಪರವಾನಗಿಯುಳ್ಳ ಕಿರು ಬ್ರೂವರಿಗಳ ಪ್ರಾಯೋಗಿಕ ತಯಾರಿಕೆಗೂ ಅನುಮತಿಯಿರುವ ದೇಶಗಳಲ್ಲಿನ ಮನೆಯ ತಯಾರಿಕೆಗೂ ಅನ್ವಯಿಸುತ್ತವೆ.

ಮೊದಲು ಅಳತೆಯ ಉಪಕರಣಗಳ ಪರೀಕ್ಷೆ

ಉಷ್ಣಮಾಪಕ ತಪ್ಪು ತೋರಿಸುತ್ತಿದ್ದರೆ ಉಳಿದ ಪರೀಕ್ಷೆಗಳೆಲ್ಲ ವ್ಯರ್ಥ. ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಅದು 0 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಕುದಿಯುವ ನೀರಿನ ಪರೀಕ್ಷೆಯಲ್ಲಿ ಒಂದು ಬಲೆಯಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ, 100ರಲ್ಲಿ ಅಲ್ಲ. ಇದನ್ನರಿಯದವರು ಸರಿಯಾಗಿಯೇ ಇರುವ ಮಾಪಕವು 3 ಡಿಗ್ರಿ ಕಡಿಮೆ ತೋರಿಸುತ್ತಿದೆಯೆಂದು ಭಾವಿಸಿ ಪ್ರತಿ ಅಳತೆಗೂ 3 ಸೇರಿಸುತ್ತಾರೆ. ಆಗ 66 ಡಿಗ್ರಿಯೆಂದು ನಂಬಿದ ಮ್ಯಾಶ್ ವಾಸ್ತವವಾಗಿ 63ರಲ್ಲಿರುತ್ತದೆ. ಆ ಉಷ್ಣಾಂಶದಲ್ಲಿ ಬೀಟಾ ಅಮೈಲೇಸ್ ಕಿಣ್ವದ ಕೆಲಸ ಹೆಚ್ಚು. ಹುದುಗಬಲ್ಲ ಸಕ್ಕರೆಯೇ ಅಧಿಕವಾಗಿ ಉತ್ಪತ್ತಿಯಾಗಿ ಬಿಯರ್ ತೆಳ್ಳಗೆ, ಸಪ್ಪೆಯಾಗುತ್ತದೆ. 68 ಡಿಗ್ರಿಯ ಆಸುಪಾಸಿನಲ್ಲಿ ಆಲ್ಫಾ ಅಮೈಲೇಸ್ ಮೇಲುಗೈ ಪಡೆದು ಬಿಯರಿಗೆ ಮೈತುಂಬಿದ ಗುಣ ಬರುತ್ತದೆ. ಎರಡು ಮೂರು ಡಿಗ್ರಿಗಳ ವ್ಯತ್ಯಾಸ ಇಲ್ಲಿ ಕ್ಷುಲ್ಲಕವಲ್ಲ.

ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರನ್ನು ಸಾಮಾನ್ಯವಾಗಿ 20 ಡಿಗ್ರಿಗೆ ಹೊಂದಿಸಲಾಗಿರುತ್ತದೆ. ಏಪ್ರಿಲ್ ತಿಂಗಳ 32 ಡಿಗ್ರಿಯ ಕೋಣೆಯಲ್ಲಿ ಅದು ಸುಮಾರು 0.003 ಕಡಿಮೆ ತೋರಿಸುತ್ತದೆ. ಬಿಸಿ ವರ್ಟಿನಲ್ಲಿ ಅಂತರ ಇನ್ನೂ ಹೆಚ್ಚು. ಸಕ್ಕರೆ ಇಳುವರಿ ಕಡಿಮೆಯಾಯಿತೆಂಬ ದೂರುಗಳಲ್ಲಿ ಕೆಲವು ಮಾದರಿಯನ್ನು ತಣಿಸಿ ಅಳೆದೊಡನೆ ಬಗೆಹರಿಯುತ್ತವೆ.

ನೀರು

ಹಲಸೂರು, ಶಿವಾಜಿನಗರದಂತಹ ಹಳೆಯ ಬಡಾವಣೆಗಳಿಗೆ ಬಹುಕಾಲದಿಂದ ಕಾವೇರಿ ನೀರು ಬರುತ್ತಿದೆ. ಕೆ.ಆರ್. ಪುರದ ಸುತ್ತಮುತ್ತ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಬಳಕೆ ವ್ಯಾಪಕ. ನಗರದ ಅಂಚಿನ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. ಹೀಗಾಗಿ ಕೆಲವೇ ಕಿಲೋಮೀಟರ್ ಅಂತರದಲ್ಲಿ ಒಂದೇ ಪಾಕವಿಧಾನ ಎರಡು ಬಗೆಯ ಬಿಯರ್ ಕೊಡಬಹುದು.

ಪಾತ್ರೆ ಮತ್ತು ಗೀಸರಿನಲ್ಲಿ ಬಿಳಿ ಹೊಪ್ಪಳಿಕೆ ಕಟ್ಟುವ ಗಡಸು ನೀರಿನಲ್ಲಿ ಬೈಕಾರ್ಬನೇಟ್ ಅಧಿಕವಾಗಿರುತ್ತದೆ. ಅದು ಮ್ಯಾಶ್‌ನ ಪಿಎಚ್ ಮಟ್ಟವನ್ನು ಅಪೇಕ್ಷಿತ 5.2–5.6ರಿಂದ ಮೇಲಕ್ಕೆ ಒಯ್ಯುತ್ತದೆ. ಇಳುವರಿ ಕುಗ್ಗುವುದಲ್ಲದೆ, ಧಾನ್ಯವನ್ನು ತೊಳೆಯುವ ಹಂತದಲ್ಲಿ ಪಿಎಚ್ 6ನ್ನು ಸಮೀಪಿಸಿದಾಗ ಹೊಟ್ಟಿನಿಂದ ಟ್ಯಾನಿನ್ ಬಿಟ್ಟುಕೊಂಡು ಬಿಯರ್ ಒಗರಾಗುತ್ತದೆ. ಈ ಒಗರನ್ನು ಹಾಪ್ಸ್‌ನ ಕಹಿಯೆಂದು ತಿಳಿದು ಹಾಪ್ಸ್ ಕಡಿಮೆ ಮಾಡುವುದು ಸಾಮಾನ್ಯ ತಪ್ಪು. ಕಹಿ ನಾಲಿಗೆಯ ಮೇಲಿನ ರುಚಿ. ಒಗರು ಬಲಿಯದ ಬಾಳೆಕಾಯಿ ಕಚ್ಚಿದಂತೆ ಬಾಯಿಯನ್ನು ಒಣಗಿಸುತ್ತದೆ. ನೀರನ್ನು ಮೊದಲೇ ಕುದಿಸಿ, ತಣಿಸಿ, ತಳದ ಬಿಳಿ ಗಷ್ಟನ್ನು ಬಿಟ್ಟು ಮೇಲಿನದನ್ನು ಬಳಸುವುದು ಸರಳ ಪರಿಹಾರ. ಆಹಾರ ದರ್ಜೆಯ ಲ್ಯಾಕ್ಟಿಕ್ ಆಮ್ಲವನ್ನು ಅಳೆದು ಸೇರಿಸುವುದು ಇನ್ನೊಂದು. ತೊಳೆಯುವ ನೀರು 77 ಡಿಗ್ರಿಯನ್ನು ಮೀರಬಾರದು.

ನಲ್ಲಿ ನೀರಿನ ತೊಂದರೆ ಕ್ಲೋರಿನ್. ಅದು ಮಾಲ್ಟಿನ ಫೀನಾಲುಗಳೊಂದಿಗೆ ಸೇರಿದರೆ ಆಸ್ಪತ್ರೆಯ ಔಷಧಿಯಂತಹ ವಾಸನೆ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಬಳಿಕ ಅದನ್ನು ತೆಗೆಯುವ ಉಪಾಯವಿಲ್ಲ. 75 ಲೀಟರ್ ನೀರಿಗೆ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಸಾಕು. ಆರ್.ಒ. ಯಂತ್ರದ ನೀರಿನಲ್ಲಿ ಕ್ಲೋರಿನ್ನಿನ ಕಾಟವಿಲ್ಲದಿದ್ದರೂ ಕ್ಯಾಲ್ಸಿಯಂ ಅತ್ಯಲ್ಪ. ಜಿಪ್ಸಮ್ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಲೀಟರಿಗೆ 50 ಮಿಲಿಗ್ರಾಂ ಕ್ಯಾಲ್ಸಿಯಂ ಇರುವಂತೆ ನೋಡಿಕೊಳ್ಳುವುದು ರೂಢಿ.

ಪುಡಿ ಮತ್ತು ಸೋಸುವಿಕೆ

ಮಾಲ್ಟಿನ ಕಾಳು ಒಡೆಯಬೇಕು, ಆದರೆ ಹೊಟ್ಟು ಉಳಿಯಬೇಕು. ಆ ಹೊಟ್ಟೇ ಸೋಸುವ ಹಾಸಿಗೆ. ಹಿಟ್ಟಿನ ಗಿರಣಿಯಲ್ಲಿ ಅಥವಾ ಮಿಕ್ಸಿಯಲ್ಲಿ ನುಣ್ಣಗೆ ಮಾಡಿಸಿದರೆ ಮ್ಯಾಶ್ ಅಂಬಲಿಯಂತಾಗಿ ವರ್ಟ್ ಹರಿಯುವುದೇ ನಿಲ್ಲುತ್ತದೆ. ಸುಮಾರು ಒಂದು ಮಿಲಿಮೀಟರ್ ಅಂತರವಿಟ್ಟ ಉರುಳೆಗಳ ಯಂತ್ರ ಇದಕ್ಕೆ ಸೂಕ್ತ. ಹರಿವು ಕಟ್ಟಿದಾಗ ಕೊಳಾಯಿಯನ್ನು ಪೂರ್ತಿ ತೆರೆಯುವುದರಿಂದ ಹಾಸಿಗೆ ಇನ್ನಷ್ಟು ಅದುಮಿಕೊಳ್ಳುತ್ತದೆ. ಕೊಳಾಯಿ ಮುಚ್ಚಿ, ಸ್ವಲ್ಪ ಬಿಸಿನೀರು ಸೇರಿಸಿ ಕಲಕಿ, ಹತ್ತು ಹದಿನೈದು ನಿಮಿಷ ಕೂರಲು ಬಿಟ್ಟು, ನಿಧಾನವಾಗಿ ಮತ್ತೆ ಹರಿಸಬೇಕು.

ಹೊಟ್ಟಿಲ್ಲದ ಗೋಧಿ ಮತ್ತು ಮೊಳಕೆ ರಾಗಿಯಲ್ಲಿ ಈ ತೊಡಕು ಸಹಜ. ತೊಳೆದ ಭತ್ತದ ಹೊಟ್ಟನ್ನು ಧಾನ್ಯದ ತೂಕದ ಶೇ. 5ರಷ್ಟು ಬೆರೆಸಿದರೆ ಹಾಸಿಗೆ ಸಡಿಲಗೊಳ್ಳುತ್ತದೆ. ರಾಗಿಯೊಂದಿಗೆ ಜವೆಗೋಧಿ ಮಾಲ್ಟನ್ನೂ ಬಳಸುವುದು ಸುರಕ್ಷಿತ ಮಾರ್ಗ. ಪಿಷ್ಟ ಪೂರ್ಣವಾಗಿ ಒಡೆದಿದೆಯೇ ಎಂದು ತಿಳಿಯಲು ಬಿಳಿ ತಟ್ಟೆಯಲ್ಲಿ ಒಂದು ಹನಿ ತಣ್ಣನೆಯ ವರ್ಟಿಗೆ ಅಯೋಡಿನ್ ಬೆರೆಸಬೇಕು. ಕಡುನೀಲಿ ಬಂದರೆ ಪಿಷ್ಟ ಉಳಿದಿದೆ ಎಂದರ್ಥ. ಆ ಮಾದರಿಯನ್ನು ಚೆಲ್ಲಬೇಕು.

ಕುದಿತ, ತಣಿಸುವಿಕೆ, ಹುದುಗುವಿಕೆ

97 ಡಿಗ್ರಿಯ ಕುದಿತದಲ್ಲಿ ಹಾಪ್ಸ್‌ನ ಕಹಿ ತುಸು ಕಡಿಮೆ ಇಳಿಯುತ್ತದೆ; 60 ನಿಮಿಷದ ಬದಲು 75–90 ನಿಮಿಷ ಕುದಿಸುವುದು ಲೇಸು. ಮನೆಯ ಗ್ಯಾಸ್ ಒಲೆಯ ಮೇಲೆ 25 ಲೀಟರ್ ಕುದಿಯಲು ಬಹಳ ಹೊತ್ತು ಹಿಡಿಯುವುದರಿಂದ ಮುಚ್ಚಳ ಹಾಕುವ ಆಸೆಯಾಗುತ್ತದೆ. ಕುದಿ ಬಂದ ಮೇಲೂ ಮುಚ್ಚಿಟ್ಟರೆ ಹೊರಹೋಗಬೇಕಾದ ಗಂಧಕಯುಕ್ತ ಆವಿ ಮರಳಿ ಬಿದ್ದು ಬೇಯಿಸಿದ ಜೋಳದ ವಾಸನೆ ನಿಲ್ಲುತ್ತದೆ.

ಬೇಸಿಗೆಯ ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರು ಕಾದಿರುತ್ತದೆ. ತಾಮ್ರದ ಸುರುಳಿಯಲ್ಲಿ ಅದನ್ನು ಎಷ್ಟು ಹರಿಸಿದರೂ ವರ್ಟ್ ಆ ನೀರಿಗಿಂತ ತಣ್ಣಗಾಗದು. ಬೆಳಗಿನ ಜಾವ ತಣಿಸುವುದು ಅಥವಾ ಕೊನೆಯ ಹಂತದಲ್ಲಿ ಮಂಜುಗಡ್ಡೆಯ ನೀರನ್ನು ಸಣ್ಣ ಪಂಪಿನಿಂದ ಸುತ್ತಿಸುವುದು ಉಪಾಯ. ಬಹುತೇಕ ಏಲ್ ಯೀಸ್ಟುಗಳಿಗೆ 18–22 ಡಿಗ್ರಿ ಹಿತ. ಹುದುಗುವಾಗ ಶಾಖ ಹೊಮ್ಮುವುದರಿಂದ ಪಾತ್ರೆಯೊಳಗಿನ ಉಷ್ಣಾಂಶ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚಿರುತ್ತದೆ. ಡಿಸೆಂಬರ್–ಜನವರಿಯಲ್ಲಿ ಚೆನ್ನಾಗಿ ಬಂದ ಬಿಯರ್ ಏಪ್ರಿಲ್‌ನಲ್ಲಿ ಬಣ್ಣದ ತಿನ್ನರ್‌ನಂತೆ ನಾರುವುದು ಈ ಕಾರಣಕ್ಕೆ. ಒದ್ದೆ ಗೋಣಿಚೀಲ ಸುತ್ತುವುದರಿಂದ ಅಲ್ಪ ನೆರವಾಗುತ್ತದೆ. ಉಷ್ಣಾಂಶ ನಿಯಂತ್ರಕ ಜೋಡಿಸಿದ ಹಳೆಯ ಫ್ರಿಜ್ ಹೆಚ್ಚು ನಂಬಲರ್ಹ. ಬೆಣ್ಣೆಯ ವಾಸನೆ ಬಂದರೆ ಯೀಸ್ಟಿನಿಂದ ಬೇರ್ಪಡಿಸಲು ಅವಸರಿಸದೆ ಎರಡು ಮೂರು ದಿನ ಬಿಡಬೇಕು. ಹುಳಿ ಬಂದರೆ ಗೀರುಬಿದ್ದ ಪ್ಲಾಸ್ಟಿಕ್ ಪಾತ್ರೆ ಮತ್ತು ಬಿಚ್ಚಿ ತೊಳೆಯದ ಕೊಳಾಯಿಯನ್ನು ಮೊದಲು ಶಂಕಿಸಬೇಕು.

ಅಪಾಯಗಳು

1981ರಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೊಹಾಲ್ ಬೆರೆತ ಕಳ್ಳಭಟ್ಟಿ ಸೇವಿಸಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಧಾನ್ಯದ ಬಿಯರ್ ಬಗ್ಗೆಯೂ ಅದೇ ಭಯ ಕೇಳಿಬರುತ್ತದೆ. ಭಟ್ಟಿ ಇಳಿಸದ, ಬೇರೇನನ್ನೂ ಬೆರೆಸದ ಬಿಯರಿನಲ್ಲಿ ಆ ವಿಷ ಅಪಾಯಕಾರಿ ಪ್ರಮಾಣದಲ್ಲಿ ಶೇಖರವಾಗುವುದಿಲ್ಲ. ಇಲ್ಲಿನ ನಿಜವಾದ ಅಪಾಯ ಬಾಟಲಿಯದು. ಹುದುಗುವಿಕೆ ಮುಗಿಯುವ ಮೊದಲೇ ತುಂಬಿಸಿದರೆ, ಅಥವಾ ನೊರೆಗಾಗಿ ಸೇರಿಸುವ ಸಕ್ಕರೆ ಹೆಚ್ಚಾದರೆ, ಒಳಗಿನ ಅನಿಲದ ಒತ್ತಡಕ್ಕೆ ಗಾಜು ಸಿಡಿಯುತ್ತದೆ. ಸಾಂದ್ರತೆ ಸತತ ಮೂರು ದಿನ ಬದಲಾಗದಿರುವುದನ್ನು ಖಚಿತಪಡಿಸಿಕೊಂಡು, ಲೀಟರಿಗೆ 5–7 ಗ್ರಾಂ ಸಕ್ಕರೆಯನ್ನು ತೂಗಿಯೇ ಹಾಕಬೇಕು. ಸಿಡಿಯುವ ಶಂಕೆಯಿರುವ ಬಾಟಲಿಗಳನ್ನು ಮುಖ ಮತ್ತು ಕೈಗಳಿಗೆ ರಕ್ಷಣೆಯಿಲ್ಲದೆ ಮುಟ್ಟಬಾರದು. ದಪ್ಪ ಬಟ್ಟೆ ಹೊದಿಸಿ, ಶೀತಲಗೊಳಿಸಿದ ಬಳಿಕವೇ ಮುಚ್ಚಳವನ್ನು ಸಡಿಲಿಸಬೇಕು.