ಬಣ್ಣದ ಪೆಟ್ಟಿಗೆ ಕೆಲಸ ಕೊಟ್ಟಿಗೆಯಲ್ಲಿ ಬೇಡ



ಬೆಳಗಿನ ಹಾಲು ಡೇರಿಗೆ ಹಾಕಿ ಬಂದ ಮೇಲೆ ಸಂಜೆ ಕರೆಯುವವರೆಗೆ ಸಿಗುವ ಹೊತ್ತಿನಲ್ಲಿ ಟಿ.ಬಿ. ಡ್ಯಾಂ, ಕಂಪ್ಲಿ ಕಡೆ ನಿಮ್ಮಲ್ಲಿ ಕೆಲವರು ಕಟ್ಟಿಗೆಯ ಬಳೆ ಪೆಟ್ಟಿಗೆ, ಕುಂಕುಮದ ಡಬ್ಬಿ ಮಾಡಿ ಬಣ್ಣ ಬಳಿದು ಹಂಪಿಯಲ್ಲಿ ಮಾರುತ್ತೀರಿ. ಒಳ್ಳೆಯ ಕೆಲಸ. ಇದು ನಮ್ಮ ಸೀಮೆಗೆ ಹೊಸದೂ ಅಲ್ಲ. ಡ್ಯಾಮಿನ ಆಚೆ, ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಹಗುರ ಕಟ್ಟಿಗೆಯ ಗೊಂಬೆ ಮಾಡುತ್ತಿವೆ. ಹುಣಸೆ ಬೀಜದ ಅಂಟಿನಲ್ಲಿ ಸೆಣಬಿನ ಪುಡಿ ಕಲಸಿದ ‘ಕಿಟ್ಟ’ ಹಚ್ಚಿ, ಒಣಗಿಸಿ, ಆಮೇಲೆ ಬಣ್ಣ ಹಾಕುತ್ತಾರೆ. ಕಿನ್ನಾಳ ಗೊಂಬೆಗೆ ಜಿಐ ಮಾನ್ಯತೆಯೂ ಇದೆ.

ಆದರೆ ದನ ಕಟ್ಟಿದ ಮನೆಯಲ್ಲಿ ಈ ಕೆಲಸಕ್ಕೆ ಎಚ್ಚರಿಕೆ ಬೇಕು.

ಹೋದ ಬೇಸಿಗೆಯಲ್ಲಿ ಒಂದು ಊರಿನಿಂದ ಕರೆ ಬಂತು. ಎರಡು ತಿಂಗಳ ಹೆಣ್ಣು ಕರು ಹಲ್ಲು ಕಡಿಯುತ್ತಾ ಗೋಡೆಗೆ ತಲೆ ಒತ್ತಿ ನಿಂತಿತ್ತು. ಕಣ್ಣ ಮುಂದೆ ಕೈ ಆಡಿಸಿದರೂ ರೆಪ್ಪೆ ಮಿಟುಕಿಸಲಿಲ್ಲ. ಮೇವು, ಹಾಲು, ಜಂತುಹುಳುವಿನ ಔಷಧಿ ಎಲ್ಲ ವಿಚಾರಿಸಿದೆ. ಆಮೇಲೆ ಕಂಡದ್ದು ಮೂತಿಗೆ ಅಂಟಿದ್ದ ಹಸಿರು ಬಣ್ಣದ ಚಕ್ಕೆ. ಮನೆಯ ಅಕ್ಕ ಹಳೆಯ ಬಾಗಿಲು ಅಗ್ಗಕ್ಕೆ ತಂದು, ಕೊಟ್ಟಿಗೆಯ ನೆರಳಲ್ಲೇ ಬಣ್ಣ ಕೆರೆದು ಪೆಟ್ಟಿಗೆಗೆ ಹಲಗೆ ಮಾಡುತ್ತಿದ್ದರು. ಕೆರೆದದ್ದನ್ನು ಕರು ನೆಕ್ಕಿತ್ತು. ಚಿಕಿತ್ಸೆ ಕೊಟ್ಟೆವು, ಉಳಿಯಲಿಲ್ಲ. ‘ಎರಡು ವರ್ಷ ಕಳೆದಿದ್ರೆ ನನ್ನ ಮನೀಗೆ ಹಾಲಿನ ಆಕಳ ಆಗ್ತಿತ್ತಲ್ರೀ ಡಾಕ್ಟ್ರೇ’ ಎಂದು ಅವರು ಅತ್ತರು.

ಅದು ಸೀಸದ ವಿಷ. ಹಳೆಯ ಬಣ್ಣಗಳಲ್ಲಿ ಸೀಸ ಹೆಚ್ಚಿರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಾಲು ಕುಡಿಯುವ ಕರುವಿನ ಮೈಗೆ ಸೀಸ ಬೇಗ ಹತ್ತುತ್ತದೆ. ಆಕಳು, ಎಮ್ಮೆ ತಿಂದರೆ ಹಾಲಿಗೂ ಇಳಿಯುತ್ತದೆ. ಆ ಧೂಳು ನಿಮಗೂ ಮಕ್ಕಳಿಗೂ ಕೆಟ್ಟದ್ದು.

ಹೀಗೆ ಮಾಡಿ:

1. ಬಣ್ಣ ಬಳಿದ ಹಳೆ ಬಾಗಿಲು, ಕಿಟಕಿ ತರಬೇಡಿ. ಹೊಸ ಹಲಗೆ ತನ್ನಿ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ ಓದಿಸಿ ನೋಡಿ.

2. ಕೆಲಸದ ಜಾಗ ಕೊಟ್ಟಿಗೆ, ಮೇವಿನ ಬಣವೆಯಿಂದ ದೂರವಿರಲಿ. ಖಾಲಿ ಡಬ್ಬಿ, ಬಣ್ಣ ಒರೆಸಿದ ಬಟ್ಟೆ ತಿಪ್ಪೆಗೆ ಎಸೆಯಬೇಡಿ. ಹಳೆ ಬಣ್ಣದ ಕಟ್ಟಿಗೆ ಒಲೆಗೂ ಹಾಕಬೇಡಿ, ಬೂದಿಯಲ್ಲೂ ಸೀಸ ಉಳಿಯುತ್ತದೆ.

3. ಕೆಲಸ ಮುಗಿದ ಮೇಲೆ ನೆಲದ ಮೇಲೆ ಅಯಸ್ಕಾಂತ ಆಡಿಸಿ ಮೊಳೆ, ತಂತಿ ಚೂರು ಎತ್ತಿಡಿ. ದನ ಮೇವನ್ನು ಪೂರ್ತಿ ಅಗಿಯದೆ ನುಂಗುತ್ತದೆ. ಮೊಳೆ ಎರಡನೇ ಹೊಟ್ಟೆಯಲ್ಲಿ ನಿಂತು, ಅಲ್ಲಿಂದ ಹೃದಯಕ್ಕೆ ಚುಚ್ಚಬಹುದು. ಹಾಲು ತಟ್ಟನೆ ಇಳಿದು, ಮೊಣಕೈ ಹೊರಚಾಚಿ, ಬೆನ್ನು ಬಾಗಿಸಿ ನಿಂತರೆ ಸಂಶಯಪಡಿ.

4. ಗರಗಸದ ಹಸಿ ಹೊಟ್ಟನ್ನು ದನದ ಕೆಳಗೆ ಹಾಸಬೇಡಿ. ಒದ್ದೆ ಹೊಟ್ಟಿನಲ್ಲಿ ಕೆಚ್ಚಲು ಬಾವಿನ ರೋಗಾಣು ಬೆಳೆಯುತ್ತವೆ.

ಕರು ತಡವರಿಸಿದರೆ, ನೊರೆ ಸುರಿಸಿದರೆ, ಮೈ ಅದುರಿದರೆ ನಾಳೆಗೆ ಬಿಡದೆ ಅಂದೇ ಪಶುವೈದ್ಯರಿಗೆ ಹೇಳಿ. ಮನೆಯಲ್ಲಿ ಬಣ್ಣದ ಕೆಲಸ ನಡೆದದ್ದನ್ನೂ ಮೊದಲೇ ತಿಳಿಸಿ. ದೊಡ್ಡ ದನ ಬಣ್ಣ ತಿಂದ ಸಂಶಯವಿದ್ದರೆ ವೈದ್ಯರು ಹೇಳುವವರೆಗೆ ಆ ಹಾಲು ಸಂಘಕ್ಕೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಪೆಟ್ಟಿಗೆ ಬಿಡಿ ಎನ್ನುತ್ತಿಲ್ಲ. ಆ ಅಕ್ಕ ಈಗಲೂ ಮಾಡುತ್ತಾರೆ, ಮಾಳಿಗೆಯ ಮೇಲೆ, ಹೊಸ ಹಲಗೆಯಲ್ಲಿ. ಅವರ ಕೊಟ್ಟಿಗೆಯಲ್ಲಿ ಇನ್ನೊಂದು ಹೆಣ್ಣು ಕರು ಬೆಳೆಯುತ್ತಿದೆ.

— ಪಶುವೈದ್ಯಾಧಿಕಾರಿ